ಕಿವಿಗೆ ಗೊತ್ತಾಗಲಿಲ್ಲ, ಮನಸ್ಸಿಗೆ ಯಾಕೆ ಬೇಜಾರಾಯಿತು?

2025ರ ಜೂನ್‌ನಲ್ಲಿ ಸ್ಪಾಟಿಫೈ ಆ್ಯಪ್‌ನಲ್ಲಿ ‘ದಿ ವೆಲ್ವೆಟ್ ಸನ್‌ಡೌನ್’ ಅನ್ನುವ ಹೊಸ ರಾಕ್ ತಂಡ ಕಾಣಿಸಿಕೊಂಡಿತು. 1970ರ ದಶಕದ ಧಾಟಿಯ, ಕಿವಿಗೆ ಹಿತವಾದ ಹಾಡುಗಳು. ಒಂದೇ ತಿಂಗಳಲ್ಲಿ ಎರಡು ಆಲ್ಬಮ್ ಬಂದವು. ತಿಂಗಳ ಕೇಳುಗರು ನೋಡನೋಡುತ್ತ 10 ಲಕ್ಷ ದಾಟಿದರು. ಯಾರು ಇವರು ಅಂತ ಹುಡುಕಲು ಹೊರಟವರಿಗೆ ತಂಡದವರ ಸುಳಿವೇ ಸಿಗಲಿಲ್ಲ. ಜುಲೈನಲ್ಲಿ ತಂಡದ ಪುಟದಲ್ಲೇ ವಿಷಯ ಹೊರಬಿತ್ತು. ಹಾಡು, ದನಿ, ಚಿತ್ರ ಎಲ್ಲವನ್ನೂ ಎಐ, ಅಂದರೆ ಕೃತಕ ಬುದ್ಧಿಮತ್ತೆಯ ನೆರವಿನಿಂದ ಮಾಡಿದ್ದು ಅಂತ ಒಪ್ಪಿಕೊಂಡರು. ಅಲ್ಲಿಯವರೆಗೆ ಮೆಚ್ಚಿಕೊಂಡು ಕೇಳಿದ ಎಷ್ಟೋ ಜನ ಸಿಟ್ಟಾದರು.

ಅದೇ ವರ್ಷ ನವೆಂಬರ್‌ನಲ್ಲಿ ಸ್ಪಾಟಿಫೈ ಥರವೇ ಹಾಡು ಕೇಳಿಸುವ ಫ್ರಾನ್ಸಿನ ಡೀಜರ್ ಅನ್ನುವ ಕಂಪನಿ ಒಂದು ಸಮೀಕ್ಷೆ ಹೊರಬಿಟ್ಟಿತು. 8 ದೇಶಗಳ 9,000 ಜನರಿಗೆ ಎಐ ಹಾಡು, ಮನುಷ್ಯರ ಹಾಡು ಎರಡನ್ನೂ ಕೇಳಿಸಿದರು. ಶೇ 97 ಜನರಿಗೆ ಯಾವುದು ಯಾವುದು ಅಂತ ಸರಿಯಾಗಿ ಹೇಳಲು ಆಗಲಿಲ್ಲ. ಆದರೆ ಅದೇ ಸಮೀಕ್ಷೆಯಲ್ಲಿ ಶೇ 80 ಜನ, ಪೂರ್ತಿ ಎಐ ಮಾಡಿದ ಹಾಡಿನ ಮೇಲೆ ಹಾಗಂತ ಬರೆದಿರಬೇಕು ಅಂದರು.

ಗೊಂದಲ ಶುರುವಾಗುವುದು ಇಲ್ಲೇ. ವ್ಯತ್ಯಾಸವೇ ಗೊತ್ತಾಗದಿದ್ದರೆ ಚೀಟಿ ಯಾಕೆ ಬೇಕು? ಹಾಡು ಚೆನ್ನಾಗಿದ್ದರೆ ಸಾಕು ಅಲ್ವಾ? ಇದಕ್ಕೆ ಉತ್ತರ ಬೇಕಾದರೆ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು. ಹಾಡು ನಮಗೆ ಹಿಡಿಸುವುದಾದರೂ ಯಾಕೆ?

ಕಾಯುವುದರಲ್ಲಿರುವ ಸುಖ

ಕರ್ನಾಟಕ ಸಂಗೀತದ ಕಛೇರಿಯಲ್ಲಿ ತನಿ ಆವರ್ತನ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ, ನಡೆಯುತ್ತಿರುತ್ತದೆ. ಮೃದಂಗದವರು, ಘಟದವರು ಒಬ್ಬರಾದ ಮೇಲೆ ಒಬ್ಬರು ನುಡಿಸಿ, ಕೊನೆಗೆ ಜೊತೆಯಾಗುತ್ತಾರೆ. ಮುಕ್ತಾಯಕ್ಕೆ ದಾರಿ ಮಾಡುವ ಮೋಹರ ಮುಗಿದು, ಲೆಕ್ಕ ಹಾಕಿ ಜೋಡಿಸಿದ ಕೊನೆಯ ಭಾಗವಾದ ಕೋರ್ವೆ ಶುರುವಾಗುತ್ತದೆ. ಸಭಿಕರಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಿದ್ದವರ ಕೈ ಬಿಗಿಯಾಗುತ್ತದೆ. ಕೋರ್ವೆ ಮೂರು ಸಲ ಬರುತ್ತದೆ ಅಂತ ಅವರಿಗೆ ಗೊತ್ತು. ಎಲ್ಲಿ ಬಂದು ಕೂರಬೇಕು ಅನ್ನುವುದೂ ಗೊತ್ತು. ಆದರೂ ನಡುವೆ ಲೆಕ್ಕ ತಪ್ಪಿದ ಹಾಗೆ, ತಾಳ ಕೈ ಜಾರಿದ ಹಾಗೆ ಅನ್ನಿಸುತ್ತದೆ. ಮೂರನೆಯ ಸಲ ಮುಗಿದು ಸರಿಯಾಗಿ ಎಡುಪಿಗೆ, ಅಂದರೆ ತಾಳದಲ್ಲಿ ಸಾಲು ಶುರುವಾಗುವ ಜಾಗಕ್ಕೆ, ಬಂದು ಗಾಯಕರು ಸಾಲು ಎತ್ತಿಕೊಂಡಾಗ ಸಭೆಯೇ ‘ಆಹಾ’ ಅನ್ನುತ್ತದೆ.

ಮುಂದೇನು ಬರುತ್ತದೆ ಅಂತ ಮನಸ್ಸು ಊಹಿಸುತ್ತಿರುತ್ತದೆ. ಆ ಊಹೆಯನ್ನು ಸಂಗೀತ ಸ್ವಲ್ಪ ತಡೆಯುತ್ತದೆ, ಸ್ವಲ್ಪ ಕೆಣಕುತ್ತದೆ, ಕೊನೆಗೆ ಪೂರೈಸುತ್ತದೆ. ಸಿನಿಮಾ ಹಾಡಿನ ಪಲ್ಲವಿ ಮತ್ತೆ ಬರುವಾಗ ಆಗುವ ಖುಷಿಯೂ ಇದೇ ಜಾತಿಯದು.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2011ರಲ್ಲಿ ಇದನ್ನು ಮಿದುಳಿನಲ್ಲೇ ಅಳೆದರು. ತಮ್ಮ ಅಚ್ಚುಮೆಚ್ಚಿನ ಸಂಗೀತ ಕೇಳುವಾಗ ಮೈ ಜುಮ್ಮೆನ್ನುವವರನ್ನು ಆರಿಸಿಕೊಂಡರು. ಆ ಹೊತ್ತಿನಲ್ಲಿ ಅವರ ಮಿದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಬಿಡುಗಡೆಯಾಗುತ್ತಿತ್ತು. ಹಸಿದಾಗ ಊಟ ಸಿಕ್ಕರೆ ಆಗುವ ತೃಪ್ತಿಯಲ್ಲೂ ಪಾಲಿರುವ ರಾಸಾಯನಿಕ ಇದು. ಸ್ವಾರಸ್ಯ ಏನೆಂದರೆ, ಜುಮ್ಮೆನ್ನುವ ಕ್ಷಣಕ್ಕೆ ಕಾಯುವಾಗ ಮಿದುಳಿನ ಒಂದು ಭಾಗ ಚುರುಕಾಗುತ್ತಿತ್ತು, ಆ ಕ್ಷಣ ಬಂದಾಗ ಇನ್ನೊಂದು ಭಾಗ. ಕಾಯುವುದಕ್ಕೇ ಅದರದೇ ಆದ ಸುಖ ಇದೆ ಅಂತಾಯಿತು.

ಎಲ್ಲರಿಗೂ ಹೀಗಾಗುವುದಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಕಿವಿ ಚೆನ್ನಾಗಿದ್ದು, ಬೇರೆಲ್ಲ ಸುಖ ಗೊತ್ತಿದ್ದೂ, ಸಂಗೀತ ಕೇಳಿದರೆ ಮಾತ್ರ ಏನೂ ಅನ್ನಿಸದ ಜನ ಇದ್ದಾರೆ ಅಂತ ಬಾರ್ಸಿಲೋನಾದ ಸಂಶೋಧಕರು 2014ರಲ್ಲಿ ತೋರಿಸಿದರು. ಅವರು ರಸಿಕತೆ ಇಲ್ಲದವರಲ್ಲ. ಅವರ ಮಿದುಳು ಸಂಗೀತಕ್ಕೆ ಆ ಬಹುಮಾನ ಕೊಡುವುದಿಲ್ಲ, ಅಷ್ಟೇ.

ಈಗ ಎಐ ವಿಷಯಕ್ಕೆ ಬನ್ನಿ. ಸುನೋ, ಯೂಡಿಯೋ ಥರದ, ಹೇಳಿದ ಹಾಗೆ ಹಾಡು ಮಾಡಿಕೊಡುವ ಎಐ ಸಾಧನಗಳು ಲೆಕ್ಕವಿಲ್ಲದಷ್ಟು ಹಾಡು ಕೇಳಿಕೊಂಡು, ಯಾವ ಸ್ವರದ ನಂತರ ಯಾವುದು ಬಂದರೆ ಹಿತ ಅನ್ನುವ ಜಾಡನ್ನೇ ಕಲಿತಿವೆ. ಹಾಗಾಗಿ ಕಾಯಿಸಿ ತಣಿಸುವ ಈ ಆಟ ಅವಕ್ಕೆ ಚೆನ್ನಾಗಿ ಬರುತ್ತದೆ. ಶೇ 97 ಜನ ಸೋತಿದ್ದರಲ್ಲಿ ಆಶ್ಚರ್ಯ ಇಲ್ಲ. ಅವರು ಸೋತಿದ್ದು ಕಿವಿಯ ಪರೀಕ್ಷೆಯಲ್ಲಿ.

ಹಾಡಿನ ಹಿಂದೆ ಯಾರೋ ಇದ್ದಾರೆ ಅನ್ನುವ ನಂಬಿಕೆ

ನಾವು ಕೇಳುವುದು ಬರೀ ಕಿವಿಯಿಂದ ಅಲ್ಲ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಬಹಳ ಚೆನ್ನಾಗಿ ತೋರಿಸುತ್ತದೆ. ಸ್ಟೈನ್‌ಬೈಸ್ ಮತ್ತು ಕೋಲ್ಶ್ ಅನ್ನುವ ಇಬ್ಬರು ಸಂಶೋಧಕರು ಜನರಿಗೆ ಕೆಲವು ಸಂಗೀತದ ತುಣುಕು ಕೇಳಿಸಿದರು. ‘ಇದು ಮನುಷ್ಯರು ರಚಿಸಿದ್ದು’ ಅಂತ ಕೆಲವು ಸಲ ಹೇಳಿದರು, ‘ಇದು ಕಂಪ್ಯೂಟರ್ ರಚಿಸಿದ್ದು’ ಅಂತ ಕೆಲವು ಸಲ. ನಿಜವಾಗಿ ಎಲ್ಲವೂ ಮನುಷ್ಯರು ರಚಿಸಿದ್ದೇ. ಹೀಗಿದ್ದೂ, ಮನುಷ್ಯರದು ಅಂತ ನಂಬಿ ಕೇಳಿದಾಗ ಮಿದುಳಿನ ಒಂದಿಷ್ಟು ಭಾಗಗಳು ಹೆಚ್ಚು ಚುರುಕಾದವು. ಎದುರಿನವರು ಏನು ಯೋಚಿಸುತ್ತಿದ್ದಾರೆ, ಅವರ ಮನಸ್ಸಿನಲ್ಲಿ ಏನಿದೆ ಅಂತ ಅಂದಾಜು ಮಾಡುವಾಗ ಕೆಲಸ ಮಾಡುವ ಭಾಗಗಳು ಅವು.

ಕಿವಿಗೆ ಬಿದ್ದ ನಾದದಲ್ಲಿ ಫರಕಿಲ್ಲ. ಫರಕು ಇದ್ದದ್ದು ನಂಬಿಕೆಯಲ್ಲಿ. ಅಷ್ಟಕ್ಕೇ ಕೇಳುವ ಬಗೆ ಬದಲಾಯಿತು.

ಕನ್ನಡಿಗರಿಗೆ ಇದನ್ನು ಪ್ರಯೋಗಾಲಯದಿಂದ ತಿಳಿಯಬೇಕಾಗಿಲ್ಲ. 2017ರ ‘ರಾಜಕುಮಾರ’ ಸಿನಿಮಾದ ‘ಬೊಂಬೆ ಹೇಳುತೈತೆ’ ಹಾಡು ಬಂದ ಹೊಸತರಲ್ಲಿ ಅದು ಅಭಿಮಾನದ, ಸಂಭ್ರಮದ ಹಾಡು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಅವತ್ತಿನಿಂದ ಅದೇ ಹಾಡು ಕೇಳಿದರೆ ಜನರ ಕಣ್ಣು ತುಂಬುತ್ತದೆ. ವಿಜಯ್ ಪ್ರಕಾಶ್ ಅವರ ದನಿ ಅದೇ, ರಾಗ ಅದೇ, ಒಂದು ಅಕ್ಷರವೂ ಬದಲಾಗಿಲ್ಲ. ಬದಲಾಗಿದ್ದು ನಮಗೆ ಗೊತ್ತಿರುವ ವಿಷಯ.

ಗಂಗೂಬಾಯಿ ಹಾನಗಲ್ ಅವರ ದನಿಯನ್ನು ನೆನೆಸಿಕೊಳ್ಳಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಗಡಸಾಯಿತು, ಕೆಳಗಿಳಿಯಿತು. ಮೊದಲ ಸಲ ಕೇಳುವವರಿಗೆ ಗಂಡಸಿನ ದನಿ ಅನ್ನಿಸುತ್ತದೆ. ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಪಾಠ ಹೇಳಿಸಿಕೊಂಡಿದ್ದು, ಬಡತನ ಮತ್ತು ಜಾತಿಯ ಅವಮಾನ ನುಂಗಿಕೊಂಡು ಹಾಡಿದ್ದು ಗೊತ್ತಾದ ಮೇಲೆ ಆ ಗಡಸುತನವೇ ಬೇರೆ ಥರ ಕೇಳಿಸುತ್ತದೆ. ಒಂದೊಂದು ಸ್ವರದ ಹಿಂದೆಯೂ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ ಅನ್ನಿಸುತ್ತದೆ.

ಹಾಗಾಗಿ ಸಮೀಕ್ಷೆಯ ಎರಡು ಅಂಕಿಗಳಲ್ಲಿ ವಿರೋಧ ಇಲ್ಲ. ಶೇ 97 ಅನ್ನುವುದು ನಾದದ ಬಗ್ಗೆ. ಶೇ 80 ಅನ್ನುವುದು ನಾದದ ಹಿಂದಿರುವವರ ಬಗ್ಗೆ. ವೆಲ್ವೆಟ್ ಸನ್‌ಡೌನ್ ಕೇಳುಗರು ಸಿಟ್ಟಾಗಿದ್ದು ರಾಗ ಕೆಟ್ಟದಾಗಿತ್ತು ಅಂತಲ್ಲ. ಅವರು ಯಾರ ಜೊತೆಗೋ ಇದ್ದೇವೆ ಅಂದುಕೊಂಡಿದ್ದರು. ನೋಡಿದರೆ ಅಲ್ಲಿ ಯಾರೂ ಇರಲಿಲ್ಲ.

ಕೇಳುವುದರ ಆಚೆಗೂ ಸಂಗೀತ ಇದೆ, ಈ ಚರ್ಚೆಯಲ್ಲಿ ಅದು ಮರೆತೇ ಹೋಗುತ್ತದೆ. ಊರಿನ ಭಜನೆಯಲ್ಲಿ ಶ್ರುತಿ ಸೇರದವರೂ ದನಿ ಸೇರಿಸುತ್ತಾರೆ. ಮದುವೆ ಮನೆಯಲ್ಲಿ ಸೋಬಾನೆ ಹೇಳುವ ಹೆಂಗಸರಿಗೆ ಬೇರೆ ಕೇಳುಗರೇ ಬೇಕಿಲ್ಲ. ಅಲ್ಲಿ ಹಾಡುವುದೇ ಕೂಡುವುದು. ಆ ಜಾಗಕ್ಕೆ ಯಂತ್ರ ಬರುವ ಮಾತೇ ಏಳುವುದಿಲ್ಲ.

ಎಲ್ಲ ಹಾಡನ್ನೂ ಒಂದೇ ಥರ ಕೇಳುವುದಿಲ್ಲ

ಹಾಗಾದರೆ ಭಯಪಡುವುದೇನಿದೆ, ಜನ ಮನುಷ್ಯರ ಹಾಡನ್ನೇ ಹುಡುಕಿಕೊಂಡು ಹೋಗುತ್ತಾರಲ್ಲ ಅಂತ ಕೇಳಬಹುದು. ಹಾಗಾಗುವುದಿಲ್ಲ. ದಿನವಿಡೀ ನಮ್ಮ ಕಿವಿಗೆ ಬೀಳುವ ಸಂಗೀತದಲ್ಲಿ ಮನಸ್ಸಿಟ್ಟು ಕೇಳುವುದು ಕಡಿಮೆ. ಅಡುಗೆ ಮಾಡುವಾಗ ಸುಮ್ನೆ ಹಾಕಿಟ್ಟ ಹಾಡು, ಯೋಗ ತರಗತಿಯ ಕೊಳಲು, ಹೋಟೆಲಿನ ಗೋಡೆಯ ಸ್ಪೀಕರ್‌ನಿಂದ ಬರುವ ವೀಣೆ, ರೀಲ್ಸ್ ಹಿಂದಿನ ಮ್ಯೂಸಿಕ್, ಜಾಹೀರಾತಿನ ಜಿಂಗಲ್. ಇವನ್ನು ಹಾಡಿದವರು ಯಾರು, ನುಡಿಸಿದವರು ಯಾರು ಅಂತ ನಾವು ಕೇಳುವುದಿಲ್ಲ. ಇಲ್ಲಿ ನಾದ ಹಿತವಾಗಿದ್ದರೆ ಆಯಿತು. ಯಂತ್ರ ಸಲೀಸಾಗಿ ನುಗ್ಗುವ ಜಾಗ ಇದೇ.

ಈ ಹಿನ್ನೆಲೆಯ ಕೆಲಸಗಳಿಂದಲೇ ಎಷ್ಟೋ ಕಲಾವಿದರ ಮನೆ ನಡೆಯುತ್ತದೆ. ಸಿನಿಮಾದಲ್ಲಿ ಮುಖ್ಯ ಗಾಯಕರು ಬಂದು ಹಾಡುವ ಮೊದಲು ಬೇರೆ ಯಾರೋ ಟ್ರ್ಯಾಕ್ ಹಾಡಿಟ್ಟಿರುತ್ತಾರೆ. ಅವರ ದನಿ ಕೊನೆಗೆ ಸಿನಿಮಾದಲ್ಲಿ ಇರುವುದಿಲ್ಲ, ಪೋಸ್ಟರ್‌ನಲ್ಲಿ ಹೆಸರೂ ಇರುವುದಿಲ್ಲ. ಆದರೆ ಮೈಕಿನ ಮುಂದೆ ನಿಲ್ಲುವುದು, ಉಸಿರು ಹಿಡಿಯುವುದು, ಸಂಗೀತ ನಿರ್ದೇಶಕರು ‘ಇನ್ನೊಂದು ಸಲ’ ಅಂದಾಗ ಸೋಲದೆ ಮತ್ತೆ ಹಾಡುವುದು, ಇದನ್ನೆಲ್ಲ ಅವರು ಕಲಿಯುವುದು ಅಲ್ಲಿಯೇ. ಭಕ್ತಿಗೀತೆಗಳಿಗೆ ತಬಲಾ ನುಡಿಸುವವರು, ಕೋರಸ್‌ನಲ್ಲಿ ನಿಲ್ಲುವವರು, ಸೀರಿಯಲ್‌ಗೆ ಹಿನ್ನೆಲೆ ಸಂಗೀತ ಕಟ್ಟುವವರು ಎಲ್ಲರದೂ ಇದೇ ಕಥೆ.

ಏಟು ಮೊದಲು ಬೀಳುವುದು ಇವರಿಗೆ. ಹೆಸರುವಾಸಿ ಗಾಯಕರನ್ನು ಜನ ಹೆಸರು ಹಿಡಿದು ಹುಡುಕುತ್ತಾರೆ, ಅವರ ಕಾರ್ಯಕ್ರಮಕ್ಕೆ ಟಿಕೆಟ್ ತೆಗೆದುಕೊಳ್ಳುತ್ತಾರೆ. ಟ್ರ್ಯಾಕ್ ಹಾಡುವ ಹುಡುಗಿಗೆ ಆ ರಕ್ಷಣೆ ಇಲ್ಲ. ಅವಳ ಕೆಲಸವನ್ನು ಯಂತ್ರ ಮಾಡಿದರೆ ನಮಗೆ ಗೊತ್ತೂ ಆಗುವುದಿಲ್ಲ. ಹತ್ತು ವರ್ಷದ ಮೇಲೆ ಅವಳು ಮುಖ್ಯ ಗಾಯಕಿಯಾಗಿ ಬರಬೇಕಿತ್ತು. ಬರದೆ ಹೋದರೆ ಯಾಕೆ ಬರಲಿಲ್ಲ ಅಂತಲೂ ಯಾರಿಗೂ ಹೊಳೆಯುವುದಿಲ್ಲ. ಈ ಇಡೀ ಗಲಾಟೆಯಲ್ಲಿ ನಿಜವಾಗಿ ಚಿಂತೆ ಮಾಡಬೇಕಾದ್ದು ಇದು ಅಂತ ನನ್ನ ಅಭಿಪ್ರಾಯ.

ದುಡ್ಡಿನ ಲೆಕ್ಕ

ಕೇಳುಗರು ಬದಲಾಗದಿದ್ದರೂ ಕಲಾವಿದರ ಗಳಿಕೆ ಇಳಿಯಬಹುದು. ಅದು ಹೇಗೆ ಅಂತ ನೋಡೋಣ.

ಸ್ಪಾಟಿಫೈ ಥರ ಇಂಟರ್ನೆಟ್‌ನಲ್ಲಿ ಹಾಡು ಕೇಳಿಸುವ ಹೆಚ್ಚಿನ ಸ್ಟ್ರೀಮಿಂಗ್ ಕಂಪನಿಗಳು ಚಂದಾ ಮತ್ತು ಜಾಹೀರಾತಿನ ದುಡ್ಡಿನಲ್ಲಿ ಒಂದು ಪಾಲನ್ನು ಒಟ್ಟಿಗೆ ಹಾಕಿ, ಯಾರ ಹಾಡು ಎಷ್ಟು ಸಲ ಪ್ಲೇ ಆಯಿತು ಅನ್ನುವ ಲೆಕ್ಕದಲ್ಲಿ ಹಂಚುತ್ತವೆ. ತಿಂಗಳಿಗೆ ಹಂಚಲು 1,000 ರೂಪಾಯಿ ಇದೆ ಅಂದುಕೊಳ್ಳಿ. ಒಟ್ಟು ಪ್ಲೇ ಆಗಿದ್ದು 1,000 ಸಲ. ಒಬ್ಬ ಗಾಯಕಿಯ ಹಾಡನ್ನು 100 ಸಲ ಕೇಳಿದ್ದಾರೆ. ಅವಳಿಗೆ 100 ರೂಪಾಯಿ. ಮುಂದಿನ ತಿಂಗಳು ಯಾರೋ ರಾಶಿಗಟ್ಟಲೆ ಎಐ ಹಾಡು ತಂದು ಸುರಿದು, ಅವೂ 1,000 ಸಲ ಪ್ಲೇ ಆಗುವ ಹಾಗೆ ಮಾಡಿದರು. ಚಂದಾದಾರರು ಅಷ್ಟೇ ಇದ್ದಾರೆ, ಹಂಚುವ ದುಡ್ಡೂ ಅಷ್ಟೇ ಇದೆ. ಪ್ಲೇ ಮಾತ್ರ 2,000 ಆಯಿತು. ಗಾಯಕಿಯ ಕೇಳುಗರಲ್ಲಿ ಒಬ್ಬರೂ ಕಡಿಮೆಯಾಗಿಲ್ಲ. ಆದರೂ ಅವಳ ಕೈಗೆ ಬರುವುದು 50 ರೂಪಾಯಿ.

ಇದು ಬರೀ ಊಹೆಯಲ್ಲ. ತನ್ನಲ್ಲಿಗೆ ದಿನಕ್ಕೆ ಸುಮಾರು 50,000 ಪೂರ್ತಿ ಎಐ ಹಾಡು ಬರುತ್ತಿವೆ, ಬರುವ ಹಾಡುಗಳಲ್ಲಿ ಅವು ಶೇ 34 ಅಂತ ಡೀಜರ್ 2025ರ ನವೆಂಬರ್‌ನಲ್ಲಿ ಹೇಳಿತು. ಜನ ಕೇಳುವುದರಲ್ಲಿ ಅವುಗಳ ಪಾಲು ಮಾತ್ರ ಸುಮಾರು ಶೇ 0.5. ಕೇಳುವವರಿಲ್ಲದಿದ್ದರೂ ಅಷ್ಟು ಹಾಡು ಯಾಕೆ ಹಾಕುತ್ತಾರೆ? ಪೂರ್ತಿ ಎಐ ಹಾಡುಗಳ ಪ್ಲೇಗಳಲ್ಲಿ ಶೇ 70ರವರೆಗೆ ಮೋಸದ್ದು ಅಂತ ಅದೇ ಕಂಪನಿ ಆ ವರ್ಷ ಹೇಳಿತ್ತು. ಅಂದರೆ ಕೇಳುತ್ತಿದ್ದದ್ದು ಜನರಲ್ಲ, ಬಾಟ್‌ಗಳು, ಅಂದರೆ ಜನರ ಹಾಗೆ ನಟಿಸಿ ತಾವಾಗಿ ಹಾಡು ಪ್ಲೇ ಮಾಡುವ ಪ್ರೋಗ್ರಾಮ್‌ಗಳು. ಅಮೆರಿಕದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಒಬ್ಬನ ಮೇಲೆ ಇದೇ ಆರೋಪ ಹೊರಿಸಿ ಬಂಧಿಸಿದರು. ಎಐನಿಂದ ಲಕ್ಷಗಟ್ಟಲೆ ಹಾಡು ಮಾಡಿಸಿ, ಬಾಟ್‌ಗಳಿಂದ ಕೇಳಿಸಿ, 1 ಕೋಟಿ ಡಾಲರ್‌ಗೂ ಜಾಸ್ತಿ ರಾಯಲ್ಟಿ ಹೊಡೆದ ಅನ್ನುವುದು ಆಗಿನ ಆರೋಪವಾಗಿತ್ತು. ಸ್ಪಾಟಿಫೈ ಕೂಡ 12 ತಿಂಗಳಲ್ಲಿ 7.5 ಕೋಟಿ ಕಸದ ಹಾಡು ತೆಗೆದುಹಾಕಿದ್ದೇವೆ ಅಂತ 2025ರ ಸೆಪ್ಟೆಂಬರ್‌ನಲ್ಲಿ ಹೇಳಿತು.

ಎರಡೂ ಕಡೆಯ ಮಾತು

ಎಐ ಪರ ಇರುವವರ ವಾದವನ್ನು ತಳ್ಳಿಹಾಕುವ ಹಾಗಿಲ್ಲ. ಹಳ್ಳಿಯಲ್ಲಿ ಕೂತು ಒಳ್ಳೆಯ ಸಾಹಿತ್ಯ ಬರೆಯುವ ಹುಡುಗನಿಗೆ ಸ್ಟುಡಿಯೋ ಬಾಡಿಗೆಗೆ ದುಡ್ಡಿಲ್ಲ. ಅವನು ಬರೆದದ್ದು ಹಾಡಾಗಿ ಹೇಗೆ ಕೇಳಬಹುದು ಅಂತ ಈಗ ಫೋನಿನಲ್ಲೇ ನೋಡಬಹುದು. ಪ್ರತಿ ಹೊಸ ಯಂತ್ರ ಬಂದಾಗಲೂ ಸಂಗೀತ ಹಾಳಾಯಿತು ಅಂದವರಿದ್ದಾರೆ ಅಂತಲೂ ಅವರು ನೆನಪಿಸುತ್ತಾರೆ. ಅದೂ ನಿಜ. ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ ಅಂತ ಆಕಾಶವಾಣಿ ಅದನ್ನು 1940ರಿಂದ ಮೂವತ್ತು ವರ್ಷ ದೂರ ಇಟ್ಟಿತ್ತು. ಇವತ್ತು ಹಾರ್ಮೋನಿಯಂ ಇಲ್ಲದ ಹಿಂದೂಸ್ತಾನಿ ಗಾಯನವನ್ನು ಹುಡುಕಬೇಕು.

ಆದರೆ ಈ ಹೋಲಿಕೆ ಒಂದು ಹಂತದವರೆಗೆ ಮಾತ್ರ ಸರಿ. ಹಾರ್ಮೋನಿಯಂ ನುಡಿಸಲು ಒಬ್ಬರು ಬೇಕಿತ್ತು. ಕೀಬೋರ್ಡ್ ಬಂದು ಪಿಟೀಲಿನ ಹತ್ತಾರು ಜನರ ಕೆಲಸ ಹೋದಾಗಲೂ ಕೀಬೋರ್ಡ್ ಹಿಂದೆ ಒಬ್ಬರು ಕೂತಿದ್ದರು. ಜೊತೆಗೆ ಹಾರ್ಮೋನಿಯಂ ಯಾರ ಹಾಡನ್ನೂ ಕೇಳಿ ಕಲಿತದ್ದಲ್ಲ. ಈ ಸಾಧನಗಳು ಕಲಿತಿರುವುದು ಮನುಷ್ಯರು ಹಾಡಿದ ಹಾಡುಗಳಿಂದ. ಒಪ್ಪಿಗೆ ಕೇಳದೆ, ದುಡ್ಡು ಕೊಡದೆ ಕಲಿತಿದ್ದಾರೆ ಅಂತಲೇ ಯೂನಿವರ್ಸಲ್, ಸೋನಿ, ವಾರ್ನರ್ ಕಂಪನಿಗಳು 2024ರ ಜೂನ್‌ನಲ್ಲಿ ಸುನೋ, ಯೂಡಿಯೋ ಮೇಲೆ ಕೇಸು ಹಾಕಿದ್ದು. 2025ರ ಕೊನೆಯಲ್ಲಿ ಯೂನಿವರ್ಸಲ್ ಯೂಡಿಯೋ ಜೊತೆ, ವಾರ್ನರ್ ಸುನೋ ಜೊತೆ ರಾಜಿ ಮಾಡಿಕೊಂಡು ವ್ಯವಹಾರಕ್ಕೇ ಇಳಿದವು. ದೊಡ್ಡ ಕಂಪನಿಗಳಿಗೆ ರಾಜಿ ಕುದುರುತ್ತದೆ. ಬಿಡಿ ಕಲಾವಿದರ ಪರವಾಗಿ ಆ ಮೇಜಿನಲ್ಲಿ ಕೂರುವವರು ಯಾರು ಅನ್ನುವುದು ನನ್ನ ಪ್ರಶ್ನೆ.

ನಮ್ಮಲ್ಲೂ ಇದರ ಚರ್ಚೆ ನಡೆದಿದೆ. ಎಐ ಕಂಪನಿಗಳು ಕಲಿಯಲು ಯಾವ ಕೃತಿಯನ್ನಾದರೂ ಬಳಸಲಿ, ಆದರೆ ಕಡ್ಡಾಯವಾಗಿ ರಾಯಲ್ಟಿ ಕೊಡಲಿ ಅನ್ನುವ ದಾರಿಯನ್ನು ಕೇಂದ್ರ ಸರ್ಕಾರ ನೇಮಿಸಿದ ಸಮಿತಿ 2025ರ ಡಿಸೆಂಬರ್‌ನಲ್ಲಿ ಮುಂದಿಟ್ಟಿತು. ದುಡ್ಡು ಬರುತ್ತದೆ ಅನ್ನುವುದು ಇದರ ಒಳ್ಳೆಯ ಗುಣ. ಆದರೆ ಈ ದಾರಿಯಲ್ಲಿ ‘ನನ್ನ ಹಾಡನ್ನು ಮುಟ್ಟಬೇಡಿ’ ಅನ್ನುವ ಹಕ್ಕು ಕಲಾವಿದರಿಗೆ ಇರುವುದಿಲ್ಲ.

ದನಿ ಯಾರ ಆಸ್ತಿ?

ಹೊಸ ಹಾಡಿನ ಮಾತಾಯಿತು. ಇನ್ನು ಇರುವ, ಇದ್ದ ಗಾಯಕರ ದನಿಯನ್ನೇ ನಕಲು ಮಾಡುವುದು ಇನ್ನೊಂದು ಸಿಕ್ಕು. ಎ.ಆರ್. ರೆಹಮಾನ್ 2024ರಲ್ಲಿ ‘ಲಾಲ್ ಸಲಾಂ’ ತಮಿಳು ಚಿತ್ರದ ಒಂದು ಹಾಡಿಗೆ ತೀರಿಹೋದ ಇಬ್ಬರು ಗಾಯಕರಾದ ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದ್ ದನಿಯನ್ನು ಎಐ ಮೂಲಕ ಬಳಸಿದರು. ಕುಟುಂಬದವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟಿದ್ದೇವೆ ಅಂತಲೂ ಹೇಳಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ತಮ್ಮ ತಂದೆ ಎಸ್‌ಪಿಬಿ ಅವರ ದನಿಯನ್ನು ಒಪ್ಪಿಗೆ ಕೇಳದೆ ಎಐನಿಂದ ಸೃಷ್ಟಿಸಿ ಬಳಸಿದ್ದಾರೆ ಅಂತ ಎಸ್.ಪಿ. ಚರಣ್ ತೆಲುಗು ಸಿನಿಮಾ ತಂಡವೊಂದಕ್ಕೆ ನೋಟಿಸ್ ಕಳಿಸಿದರು. ತಂತ್ರಜ್ಞಾನ ಎರಡು ಕಡೆಯೂ ಒಂದೇ ಬಗೆಯದು. ಒಪ್ಪಿಗೆ ಕೇಳಿದ್ದು, ಕೇಳದೆ ಇದ್ದದ್ದು, ಜಗಳಕ್ಕೆ ಕಾರಣ ಅಷ್ಟೇ.

ನಮ್ಮ 1957ರ ಕಾಪಿರೈಟ್ ಕಾಯ್ದೆ ಹಾಡಿಗೆ, ಧ್ವನಿಮುದ್ರಣಕ್ಕೆ, ಹಾಡಿದವರ ಗಾಯನಕ್ಕೆ ರಕ್ಷಣೆ ಕೊಡುತ್ತದೆ. ದನಿ ಅನ್ನುವುದಕ್ಕೇ ಅದರಲ್ಲಿ ಜಾಗ ಇಲ್ಲ. ಆ ಖಾಲಿ ಜಾಗವನ್ನು ಕೋರ್ಟುಗಳು ತುಂಬುತ್ತಿವೆ. ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಒಪ್ಪಿಗೆ ಇಲ್ಲದೆ ಎಐನಿಂದ ನಕಲು ಮಾಡಬಾರದು ಅಂತ 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು. ಆದರೆ ಹೈಕೋರ್ಟಿಗೆ ಹೋಗುವ ಶಕ್ತಿ ಎಷ್ಟು ಕಲಾವಿದರಿಗೆ ಇದೆ?

ಕನ್ನಡದಲ್ಲಿ ನಡೆದ ಒಂದು ಸಂಗತಿ ಇಲ್ಲಿ ಬಹಳ ಹೇಳುತ್ತದೆ. ಪುನೀತ್ ಅಭಿನಯದ ‘ಜೇಮ್ಸ್’ 2022ರ ಮಾರ್ಚ್ 17ರಂದು, ಅವರ ಹುಟ್ಟುಹಬ್ಬದ ದಿನ, ತೆರೆಗೆ ಬಂತು. ಡಬ್ಬಿಂಗ್‌ಗೆ ಮುಂಚೆಯೇ ಅವರು ತೀರಿಕೊಂಡಿದ್ದರಿಂದ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ದರು. ಆಮೇಲೆ ತಂತ್ರಜ್ಞಾನದ ನೆರವಿನಿಂದ ಪುನೀತ್ ಅವರ ದನಿಯನ್ನೇ ಕೂಡಿಸಿ ಏಪ್ರಿಲ್‌ನಲ್ಲಿ ಮತ್ತೆ ಬಿಡುಗಡೆ ಮಾಡಿದರು. ಯಾವುದನ್ನೂ ಮುಚ್ಚಿಡಲಿಲ್ಲ, ಹೀಗೆ ಮಾಡಿದ್ದೇವೆ ಅಂತ ಹೇಳಿಯೇ ಜನರ ಮುಂದಿಟ್ಟರು. ಮಾರ್ಚ್‌ನಲ್ಲಿ ಅಣ್ಣ ತಮ್ಮನಿಗೆ ದನಿಯಾಗಿದ್ದೂ ಜನರನ್ನು ತಟ್ಟಿತ್ತು, ಏಪ್ರಿಲ್‌ನ ದನಿಯೂ ತಟ್ಟಿತು. ಎರಡು ಸಲವೂ ಆ ದನಿಯ ಹಿಂದೆ ಯಾರಿದ್ದಾರೆ ಅಂತ ನೋಡುವವರಿಗೆ ಗೊತ್ತಿತ್ತು.

ಚೀಟಿ ಅಂಟಿಸಿದರೆ ಮುಗಿಯಿತೇ?

ಎಐ ಹಾಡಿಗೆ ಹಾಗಂತ ಗುರುತು ಹಾಕುವುದು ಮೊದಲ ಹೆಜ್ಜೆ. ಡೀಜರ್ 2025ರಿಂದ ಹಾಕುತ್ತಿದೆ, ತಾನಾಗಿ ಹಾಡು ಸೂಚಿಸುವ ಪಟ್ಟಿಯಿಂದ ಅವನ್ನು ಹೊರಗಿಟ್ಟಿದೆ. ಬಾಟ್ ಮೋಸಕ್ಕೆ ಇದರಿಂದ ಸ್ವಲ್ಪ ಕಡಿವಾಣ ಬೀಳುತ್ತದೆ.

ಕಷ್ಟ ಇರುವುದು ನಡುವಿನ ಹಾಡುಗಳಲ್ಲಿ. ಸಾಹಿತ್ಯ ಮನುಷ್ಯರದು, ರಾಗ ಯಂತ್ರದ್ದು. ಅಥವಾ ಗಾಯಕಿ ನಿಜ, ಹಿಂದಿನ ಕೊಳಲು ಯಂತ್ರದ್ದು. ಇದನ್ನು ಎಐ ಹಾಡು ಅನ್ನಬೇಕೋ ಬೇಡವೋ? ಹೌದು, ಇಲ್ಲ ಅನ್ನುವ ಒಂದೇ ಚೀಟಿ ಇಲ್ಲಿ ಸಾಲುವುದಿಲ್ಲ. ಗಾಯನಕ್ಕೆ, ವಾದ್ಯಕ್ಕೆ, ಮಿಕ್ಸಿಂಗ್‌ಗೆ ಬೇರೆ ಬೇರೆಯಾಗಿ, ಎಐ ಎಲ್ಲಿ ಬಳಸಿದ್ದಾರೆ ಅಂತ ನಮೂದಿಸುವ ಕ್ರಮವೊಂದನ್ನು ಸಂಗೀತ ಉದ್ಯಮ ರೂಪಿಸುತ್ತಿದೆ. ಅದಕ್ಕೆ ಬೆಂಬಲ ಕೊಡುತ್ತೇವೆ ಅಂತ ಸ್ಪಾಟಿಫೈ 2025ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಇದು ನಡೆಯುವುದು ಹಾಡು ಹಾಕುವವರು ನಿಜ ಹೇಳಿದರೆ ಮಾತ್ರ.

ಕನ್ನಡದ ಮಟ್ಟಿಗೆ ಇನ್ನೂ ಒಂದು ಕೆಲಸ ಬಾಕಿ ಇದೆ. ಕ್ಯಾಸೆಟ್ಟಿನ ಕಾಲದಲ್ಲಿ ಡಬ್ಬಿಯ ಒಳಗಿನ ಕಾಗದ ಬಿಡಿಸಿದರೆ ಗಾಯನ, ಸಾಹಿತ್ಯ, ಸಂಗೀತದ ಜೊತೆಗೆ ಎಷ್ಟೋ ಸಲ ತಬಲಾ, ಕೊಳಲು ನುಡಿಸಿದವರ ಹೆಸರೂ ಸಿಗುತ್ತಿತ್ತು. ಇವತ್ತು ಆ್ಯಪ್‌ನಲ್ಲಿ ಕನ್ನಡ ಭಕ್ತಿಗೀತೆಯೋ ಹಳೆಯ ಜನಪದ ಗೀತೆಯೋ ಹಾಕಿದರೆ ಎಷ್ಟೋ ಸಲ ಗಾಯಕರ ಹೆಸರು, ಕಂಪನಿಯ ಹೆಸರು ಬಿಟ್ಟು ಬೇರೇನೂ ಕಾಣುವುದಿಲ್ಲ. ಕೊಳಲು ಯಂತ್ರದ್ದು ಅಂತ ಬರೆಯಬೇಕು ಅನ್ನುವ ಹೊತ್ತಿನಲ್ಲಿ, ಕೊಳಲು ಮನುಷ್ಯರದ್ದೇ ಆದಾಗ ಅವರು ಯಾರು ಅಂತಲೂ ಬರೆಯಲಿ. ಅದಕ್ಕೆ ಹೊಸ ಕಾನೂನು ಬೇಕಿಲ್ಲ. ಹಾಡು ಅಪ್‌ಲೋಡ್ ಮಾಡುವವರು ಆ ಜಾಗ ತುಂಬಿದರೆ ಸಾಕು.